ಮೊದಲ ಚೀಲ

ತೊಂಬತ್ತೊಂಬತ್ತು ಎಂದು ಕಂಪ್ಯೂಟರಿನ ಪರದೆ ಮತ್ತೊಮ್ಮೆ ಹೇಳಿತು. ಓಬಳೇಶ ಕರವಸ್ತ್ರ ತೆಗೆದು ಗಾಜಿನ ಮೇಲೆ ಕುಳಿತಿದ್ದ ತೌಡಿನ ಧೂಳನ್ನು ಒರೆಸಿದ. ಧೂಳು ಹೋದ ಮೇಲೂ ಅದು ತೊಂಬತ್ತೊಂಬತ್ತಾಗಿಯೇ ಉಳಿಯಿತು, ಇನ್ನಷ್ಟು ಹಸಿರಾಗಿ, ಇನ್ನಷ್ಟು ನಿಸ್ಸಂಶಯವಾಗಿ. ಅದರ ಕೆಳಗೆ ಡಾಲರ್ ಚಿಹ್ನೆ, ಚಿಹ್ನೆಯ ಪಕ್ಕದಲ್ಲಿ ಮಿಣುಕುವ ಗೆರೆ. ಮುಂದಿನ ಆಜ್ಞೆಗಾಗಿ ವಿನಯದಿಂದ ಕಾಯುತ್ತದೆಂದು ಅವನು ಇಷ್ಟು ಕಾಲ ನಂಬಿದ್ದ ಆ ಗೆರೆ ಇಂದು ಮಾತ್ರ ಉತ್ತರ ಗೊತ್ತಿದ್ದೂ ಹೇಳದೆ ಕಾಲು ಅಲ್ಲಾಡಿಸುತ್ತ ಕುಳಿತ ಹಿಂದಿನ ಬೆಂಚಿನ ವಿದ್ಯಾರ್ಥಿಯಂತೆ ಕಂಡಿತು. ಕೆಳಗೆ ಅಂಗಳದಲ್ಲಿ ಚೀಲಗಳನ್ನು ಎಣಿಸಿ ಕೂಗುವ ಹುಲುಗಪ್ಪನ ಬಾಯಲ್ಲಿ ನೂರು. ಇಲ್ಲಿ, ಮಹಡಿಯ ಮೇಲೆ, ತೊಂಬತ್ತೊಂಬತ್ತು. ಬೆಳಗಿನ ಲಾರಿ ಆಗಲೇ ಹೊಸಪೇಟೆಯ ದಾರಿ ಹಿಡಿದಾಗಿತ್ತು. ಅಲ್ಲಿ ಯಾರೂ ಮತ್ತೆ ಎಣಿಸುವುದಿಲ್ಲ. ಕಂಪ್ಲಿಯ ಗಿರಣಿಯಿಂದ ಹೋದ ಚೀಟಿಯನ್ನು ನಂಬಿ ಚೀಲಗಳನ್ನು ನೇರವಾಗಿ ರೈಲಿನ ವ್ಯಾಗನ್ನಿಗೆ ತುಂಬುತ್ತಾರೆ. ಆದ್ದರಿಂದ ಆ ಒಂದು ಚೀಲ ಇತ್ತೋ ಇಲ್ಲವೋ ಎಂಬುದನ್ನು ತೀರ್ಮಾನಿಸಬಲ್ಲವರು ಲೋಕದಲ್ಲಿ ಇಬ್ಬರೇ ಉಳಿದಿದ್ದರು, ಹುಲುಗಪ್ಪ ಮತ್ತು ಈ ಯಂತ್ರ. ಅವರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆಂದು ಓಬಳೇಶ ಬೆಳಿಗ್ಗೆಯೇ, ಎಲ್ಲರ ಎದುರಿಗೆ, ತೀರ್ಪು ಕೊಟ್ಟುಬಿಟ್ಟಿದ್ದ.

ಯಂತ್ರ ಬಂದದ್ದು ಹೋದ ವರ್ಷ. ಹೊಸಪೇಟೆಯ ಯಾವುದೋ ಕಛೇರಿಯವರು ಹೊಸದು ತರಿಸಿಕೊಂಡಾಗ ಹಳೆಯದನ್ನು ಗಿರಣಿಯ ಮಾಲೀಕರಾದ ಗವಿಸಿದ್ದಪ್ಪನವರು ಕೊಂಡು ತಂದಿದ್ದರು. ಒಂದು ಪೆಟ್ಟಿಗೆ, ಎರಡು ಪರದೆ, ಯುನಿಕ್ಸ್ ಎಂಬ ವ್ಯವಸ್ಥೆ, ಮತ್ತು ಅದನ್ನು ಬಲ್ಲವನೆಂದು ಓಬಳೇಶ. ಒಂದು ಪರದೆ ಮಹಡಿಯಲ್ಲಿ ಅವನ ಎದುರಿಗೆ. ಇನ್ನೊಂದು ಕೆಳಗೆ ಕಾಟಾದ ಕಿಟಕಿಯಲ್ಲಿ, ತೂಕದ ಹಲಗೆಯ ಪಕ್ಕ. ಹಮಾಲರು ಒಂದೊಂದೇ ಚೀಲವನ್ನು ಕಾಟಾದ ಮೇಲೆ ಇಟ್ಟು ಎತ್ತುವಾಗ ಹುಲುಗಪ್ಪ ಚೀಲದ ಸಂಖ್ಯೆಯನ್ನೂ ತೂಕವನ್ನೂ ಕೂಗುತ್ತಾನೆ, ಕಿಟಕಿಯಲ್ಲಿ ಕುಳಿತವರು ಅದನ್ನು ಕೀಲಿಮಣೆಯಲ್ಲಿ ಹೊಡೆಯುತ್ತಾರೆ, ಅದು ತಂತಿಯ ಮೂಲಕ ಹರಿದು ಮೇಲಿನ ಪೆಟ್ಟಿಗೆಯನ್ನು ಸೇರುತ್ತದೆ. ಆದರೆ ಕಿಟಕಿಯಲ್ಲಿ ಕುಳಿತವರು ಲಾರಿಯ ನಂಬರು, ಡ್ರೈವರನ ಹೆಸರು, ‘ಚಹಾ’, ‘ಕರೆಂಟ್ ಹೋಯ್ತು’ ಎಂದೆಲ್ಲ ನಡುನಡುವೆ ಹೊಡೆದುಬಿಡುತ್ತಿದ್ದರು. ಈ ಕಸದಿಂದ ರೋಸಿದ ಓಬಳೇಶ ತಾನೇ ಒಂದು ಪುಟ್ಟ ಆಜ್ಞೆ ಬರೆದಿಟ್ಟ: ಅಂಕಿಯಿಂದ ಆರಂಭವಾಗುವ ಸಾಲುಗಳನ್ನು ಮಾತ್ರ ಒಳಗೆ ಬಿಡು, ಮಿಕ್ಕ ಮಾತುಗಳನ್ನೆಲ್ಲ ಹೊರಗೆ ನಿಲ್ಲಿಸು. ಅದಕ್ಕೆ ‘ಸತ್ಯ’ ಎಂದು ಹೆಸರಿಟ್ಟ. ಡಾಲರ್ ಚಿಹ್ನೆಯ ಮುಂದೆ ಸತ್ಯ ಎಂದು ಹೊಡೆದು ಕಡತದ ಹೆಸರು ಕೊಟ್ಟರೆ ಸಾಕು, ಮನುಷ್ಯರ ಹರಟೆಯೆಲ್ಲ ಉದುರಿ ಶುದ್ಧವಾದ ಅಂಕಿಗಳು ಸಾಲಾಗಿ ನಿಲ್ಲುತ್ತಿದ್ದವು. ಆ ಹೆಸರನ್ನು ಹೊಡೆಯುವಾಗ ಪ್ರತಿಸಲವೂ ಅವನಿಗೆ ಸಣ್ಣದೊಂದು ಸಂತೋಷವಾಗುತ್ತಿತ್ತು. ಜಗತ್ತಿನಲ್ಲಿ ಇಷ್ಟು ನೆಟ್ಟಗೆ ಬಾಳುವ ವಸ್ತು ಒಂದಾದರೂ ಇದೆಯಲ್ಲ. ಲಂಚವಿಲ್ಲ, ಮುಲಾಜಿಲ್ಲ, ಸಂಬಂಧಿಕರಿಲ್ಲ. ಕಡತವನ್ನು ನೇರವಾಗಿ ತೆರೆದು ನೋಡುವುದನ್ನು ಅವನು ಅಂದಿನಿಂದಲೇ ಬಿಟ್ಟಿದ್ದ. ಸತ್ಯವೇ ಕೈಯಲ್ಲಿರುವಾಗ ಕಡತವೇಕೆ?

ಸೋಮವಾರದಿಂದ ಆ ಸತ್ಯ ಪ್ರತಿ ಲಾರಿಗೂ ಒಂದು ಚೀಲ ಕಡಿಮೆ ಹೇಳುತ್ತಿತ್ತು. ಮೊದಲ ದಿನ ಕೈತಪ್ಪೆಂದುಕೊಂಡ. ಎರಡನೆಯ ದಿನ ರಾಮಸಾಗರದ ಹತ್ತಿರ ಕೆಟ್ಟುನಿಂತ ಬಸ್ಸಿನಲ್ಲಿ ಕುಳಿತು, ಕಾಲುವೆಯ ನೀರಿನಲ್ಲಿ ಎಮ್ಮೆಗಳು ಮುಖವಷ್ಟನ್ನೇ ಮೇಲಿಟ್ಟು ತೇಲುವುದನ್ನು ನೋಡುತ್ತ, ಇದು ಕೈತಪ್ಪಲ್ಲ ಎಂದು ನಿಶ್ಚಯಿಸಿದ. ತಪ್ಪು ಎಂಬುದು ಕುಡುಕನಂತೆ, ಒಮ್ಮೆ ಎಡಕ್ಕೆ ವಾಲಿದರೆ ಇನ್ನೊಮ್ಮೆ ಬಲಕ್ಕೆ ವಾಲಬೇಕು. ಪ್ರತಿಸಲವೂ ಅದೇ ಬದಿಗೆ, ಅಷ್ಟೇ ದೂರ ವಾಲುವುದು ಕುಡಿದವನಲ್ಲ, ಕುಡಿದಂತೆ ನಟಿಸುವವನು. ಹಮಾಲರಿಗೆ ಕೂಲಿ ಸಿಗುವುದು ಚೀಲದ ಲೆಕ್ಕದಲ್ಲಿ. ಇಲ್ಲದ ಒಂದು ಚೀಲವನ್ನು ಬಾಯಿಯಲ್ಲಿ ಎತ್ತಿ ಬಾಯಿಯಲ್ಲೇ ಲಾರಿಗೆ ಹಾಕಿದರೆ ಬೆನ್ನಿಗೆ ನೋವಿಲ್ಲ. ಹೀಗೆ ಯೋಚಿಸುವಾಗ ಅವನಿಗೆ ಕೋಪ ಬಂದಿತ್ತು, ಕೋಪದ ಅಡಿಯಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು: ಯಂತ್ರದ ತಪ್ಪಲ್ಲ, ತನ್ನ ತಪ್ಪಲ್ಲ. ಕಲಿತವನ ಸಂಶಯವು ಹರಿದುಹೋಗಲು ಮೊದಲು ಹುಡುಕುವುದು ತನಗಿಂತ ತಗ್ಗಿನಲ್ಲಿ ಇರುವವರನ್ನು. ಕಾಲುವೆಯ ನೀರಿಗೂ ಅದಕ್ಕೂ ಇರುವ ವ್ಯತ್ಯಾಸವೆಂದರೆ ನೀರು ಹೋದಲ್ಲಿ ಏನಾದರೂ ಬೆಳೆಯುತ್ತದೆ.

ಬೆಳಿಗ್ಗೆ ಲಾರಿ ಹೊರಟ ಕೂಡಲೆ ಅವನು ಅಂಗಳಕ್ಕೆ ಇಳಿದಿದ್ದ. ಹಮಾಲರು ಬೇವಿನ ಮರದ ಕೆಳಗೆ ಕುಳಿತು ಕಾಗದದ ಪೊಟ್ಟಣದಿಂದ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತಿದ್ದರು. ತೌಡು ಗುಡಿಸುವ ಹುಸೇನಮ್ಮ ಕಸಬರಿಗೆಯನ್ನು ಮೊಣಕಾಲಿಗೆ ಆನಿಸಿಕೊಂಡು ಅವರ ನಡುವೆ ನಿಂತಿದ್ದಳು.

“ಹುಲುಗಪ್ಪ, ಈ ವಾರ ಪ್ರತಿ ಲಾರಿಯಲ್ಲೂ ಒಂದು ಚೀಲ ಬಾಯಲ್ಲೇ ಹೊತ್ತೀರಿ ನೀವು,” ಎಂದಿದ್ದ ಓಬಳೇಶ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ವಾಕ್ಯ. ಬಾಯಿಂದ ಹೊರಬಿದ್ದಾಗ ಅದು ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು, ಏಕೆಂದರೆ ಸರಿಯಾಗಿ ಆ ಕ್ಷಣದಲ್ಲಿ ಗಿರಣಿಯ ಮೋಟಾರು ನಿಂತಿತ್ತು.

ಹುಲುಗಪ್ಪ ಮಿರ್ಚಿಯ ತೊಟ್ಟನ್ನು ಪೊಟ್ಟಣದ ಮೂಲೆಯಲ್ಲಿ ನಿಧಾನವಾಗಿ ಇಟ್ಟ. ಅರವತ್ತರ ಹತ್ತಿರದ ಮನುಷ್ಯ. ಕುತ್ತಿಗೆಯ ಹಿಂದೆ ಚೀಲ ಕೂತು ಕೂತು ಎದ್ದ ದಪ್ಪ ಗಂಟು. “ಬಾಯಾಗ ಹೊರಾಕ ಬರೂದಾಗಿದ್ರ ಸಾಹೇಬ್ರ, ಈ ಬೆನ್ನು ಹಿಂಗ್ಯಾಕ ಆಕ್ಕಿತ್ರಿ?” ಎಂದ.

“ಕಂಪ್ಯೂಟರ್ ಸುಳ್ಳು ಹೇಳೂದಿಲ್ಲ.”

“ಹೌದೇಳ್ರಿ, ಅದಕ್ಕ ಬಾಯಿಲ್ಲ,” ಎಂದಳು ಹುಸೇನಮ್ಮ. “ಬಾಯಿ ಇಲ್ದಾಕಿ ಅತ್ತಿ ಮನ್ಯಾಗ ಭಾಳ ಒಳ್ಳ್ಯಾಕಿ ಅನಿಸ್ಕಂತಾಳ.”

ಎಲ್ಲರೂ ನಕ್ಕರು, ಹುಲುಗಪ್ಪ ನಗಲಿಲ್ಲ. ಹೆಗಲ ಮೇಲಿನ ಗೋಣಿಯ ತುಂಡನ್ನು ತೆಗೆದು ಮಡಿಸಿದ. “ಮಧ್ಯಾಹ್ನದ ಲಾರಿ ಬರ್ಲಿ. ನಾ ಕೂಗೂದಿಲ್ಲ, ಇವರು ಎತ್ತೂದಿಲ್ಲ. ನಿಮ್ಮ ಮಿಷನ್ನಿಗೇ ಹೇಳ್ರಿ, ಕೂಗ್ತೈತಿ.”

ವಿಷಯ ಗವಿಸಿದ್ದಪ್ಪನವರಿಗೆ ಮುಟ್ಟಿತು. ಅವರು ಸಿಟ್ಟಿನ ಮನುಷ್ಯರಲ್ಲ, ಆದರೆ ಲಾರಿ ನಿಂತರೆ ಅವರ ಉಸಿರೇ ನಿಲ್ಲುತ್ತಿತ್ತು. “ನೋಡೋ ಓಬಳೇಶ,” ಎಂದರು, “ಅಂವ ನಮ್ಮಪ್ಪನ ಕಾಲದಿಂದ ಕೂಗ್ತಾನ. ನೀ ಕಲ್ತಾಂವ, ನಿನ್ನ ಮಾತು ತಗದು ಹಾಕಂಗಿಲ್ಲ. ಮಧ್ಯಾಹ್ನದ ಲಾರಿ ಬರೂದ್ರಾಗ ಹೇಳು, ತಪ್ಪು ಯಾರ್ದು ಅಂತ. ಅವಂದಾದ್ರ ಅವನ್ನ ಕಾಟಾದಿಂದ ಬಿಡಸ್ತೀನಿ.” ತಪ್ಪು ಅವನದಲ್ಲವಾದರೆ ಏನೆಂದು ಅವರು ಹೇಳಲಿಲ್ಲ. ಹೇಳದೆ ಬಿಟ್ಟ ಆ ಅರ್ಧ ವಾಕ್ಯವೇ ಮಹಡಿಯ ಮೆಟ್ಟಿಲು ಹತ್ತಿ ಓಬಳೇಶನ ಜೊತೆ ಬಂದು ಕುಳಿತಿತ್ತು.

ಈಗ ಪರದೆಯ ಎದುರಿಗೆ ಕುಳಿತು ಅವನು ಕ್ರಮವಾಗಿ ಹೋಗಲು ನಿರ್ಧರಿಸಿದ. ಕ್ರಮವನ್ನು ಅವನಿಗೆ ಕಲಿಸಿದವರು ಚೋರನೂರಿನ ಶಾಲೆಯ ಮೇಷ್ಟ್ರು: ರೇಖಾಗಣಿತದ ದತ್ತ, ಸಾಧ್ಯ, ಸಾಧನೆ. ದತ್ತ: ಬೆಳಗಿನ ಲಾರಿಯ ಕಡತ. ಟೇಲ್ ಎಂಬ ಆಜ್ಞೆ ಕೊಟ್ಟು ಸತ್ಯದ ಕೊನೆಯ ಸಾಲು ಕೇಳಿದ. ನೂರು, ಪಕ್ಕದಲ್ಲಿ ತೂಕ. ಅಂದರೆ ಹುಲುಗಪ್ಪ ನೂರರ ತನಕ ಕೂಗಿದ್ದು ನಿಜ. ಸಾಲುಗಳೆಷ್ಟು ಎಂದು ಕೇಳಿದ. ತೊಂಬತ್ತೊಂಬತ್ತು. ಹಾಗಾದರೆ ನಡುವೆ ಎಲ್ಲೋ ಒಂದು ಸಂಖ್ಯೆಯನ್ನು ಹಾರಿಸಿದ್ದಾನೆ. ನಲವತ್ತರ ನಂತರ ನಲವತ್ತೆರಡು ಎಂದು ಹೇಳಿ ಆಕಾಶ ನೋಡಿರಬೇಕು. ಎಲ್ಲಿ ಹಾರಿಸಿದನೆಂದು ಹಿಡಿಯಲು ಓಬಳೇಶ ಇನ್ನೊಂದು ಆಜ್ಞೆ ಕಟ್ಟಿದ: ಪ್ರತಿ ಸಾಲನ್ನೂ ಅದರ ಹಿಂದಿನ ಸಾಲಿನೊಡನೆ ಹೋಲಿಸು, ನಡುವೆ ಒಂದಕ್ಕಿಂತ ಹೆಚ್ಚಿನ ಅಂತರವಿದ್ದರೆ ಹೇಳು. ಎಂಟರ್ ಒತ್ತಿ, ಕಳ್ಳನ ಅಡಗುದಾಣದ ಬಾಗಿಲು ತಟ್ಟಿದ ಜಮಾದಾರನಂತೆ ಉಸಿರು ಬಿಗಿಹಿಡಿದ.

ಯಂತ್ರ ಏನೂ ಹೇಳಲಿಲ್ಲ. ಡಾಲರ್ ಚಿಹ್ನೆ ಬಂದು ನಿಂತಿತು. ಯುನಿಕ್ಸಿನ ಸ್ವಭಾವವೇ ಅದು: ಹೇಳಲು ದೋಷವಿಲ್ಲದಿದ್ದರೆ ಮಾತನಾಡುವುದಿಲ್ಲ. ಈ ಮೌನವನ್ನು ಅವನು ಎಷ್ಟು ಮೆಚ್ಚಿದ್ದ. ಹೊಸಪೇಟೆಯಲ್ಲಿ, ಚಿತ್ತವಾಡಗಿಯ ಅವನ ಓಣಿಯಲ್ಲಿ, ನಲ್ಲಿಯ ಬಳಿ ಒಂದು ಕೊಡ ನೀರಿಗೆ ಆಡುವ ಮಾತುಗಳನ್ನು ಕೇಳಿದವನಿಗೆ ಈ ಮೌನ ಯಾವುದೋ ಉನ್ನತ ಶಿಕ್ಷಣದ ಲಕ್ಷಣದಂತೆ ತೋರಿತ್ತು. ಇಂದು ಅದು ಮುಖಕ್ಕೆ ಹೊಡೆದಂತಾಯಿತು. ಯಾವ ಸಂಖ್ಯೆಯೂ ಬಿಟ್ಟುಹೋಗಿಲ್ಲ. ಕೊನೆಯದು ನೂರು. ಒಟ್ಟು ತೊಂಬತ್ತೊಂಬತ್ತು. ಅವನು ಬೆರಳು ಮಡಿಸಿ ಯೋಚಿಸಿದ. ಗಣಿತದಲ್ಲಿ ಪದವಿ ಪಡೆದವನು, ಕೋಣೆಯಲ್ಲಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಕೈಬೆರಳುಗಳ ಮೇಲೆ ಹತ್ತರ ತನಕ ಎಣಿಸಿ ನೋಡಿದ. ಹತ್ತು ಬೆರಳೂ ಇದ್ದವು.

ಕೈಬೆರಳು ಮಡಿಸುವಾಗ ಯಾಕೋ ಕಿವಿ ಬೆಚ್ಚಗಾಯಿತು. ಶಾಲೆಯ ಮಣ್ಣಿನ ನೆಲ, ಹುಣಸೆ ಬೀಜಗಳ ಒಂದು ಗುಡ್ಡೆ, ಇಡೀ ತರಗತಿಯ ನಗೆ. ಒಂದನೆಯ ತರಗತಿಯ ಮೊದಲ ವಾರ. ಎಣಿಸು ಎಂದಿದ್ದರು ಮೇಷ್ಟ್ರು, ಅವನು ಎಣಿಸಲು ಬಾಯಿ ತೆರೆದಿದ್ದ, ಅಷ್ಟೇ, ನಗೆ ಎದ್ದಿತ್ತು. ಮೇಷ್ಟ್ರು ಕೆಟ್ಟವರಲ್ಲ. ಬೆತ್ತವನ್ನು ಮೇಜಿನ ಮೇಲೆ ತಟ್ಟಿ, “ಇದು ಕಣವಲ್ಲ, ಶಾಲೆ” ಎಂದಿದ್ದರು, ಮತ್ತು ಅವನು ಬೆಂಚಿನ ಮೇಲೆ ನಿಂತುಕೊಂಡು ಹೊಸದಾಗಿ ಎಣಿಸಲು ಕಲಿತಿದ್ದ. ಆ ದಿನ ಏಕೆ ನಕ್ಕರು? ಅವನಿಗೆ ನಗೆ ನೆನಪಿತ್ತು, ಬೆಂಚಿನ ಮೇಲೆ ನಿಂತಾಗ ತಲೆಗೆ ತಾಕಿದ ಜೇಡರ ಬಲೆ ನೆನಪಿತ್ತು. ನಗೆಯ ಕಾರಣವನ್ನು ಮಾತ್ರ ಮನಸ್ಸು ಎಲ್ಲೋ ಒಳಗಿಟ್ಟು ಬೀಗ ಹಾಕಿತ್ತು. ಅವನು ತಲೆ ಕೊಡವಿ ಪರದೆಗೆ ಮರಳಿದ. ಇಂಥ ಹೊತ್ತಿನಲ್ಲಿ ಬಾಲ್ಯಕ್ಕೆ ಹೋಗುವುದು ಸೋಮಾರಿತನ.

ಇನ್ನೊಂದು ಸಾಧ್ಯತೆ ಹೊಳೆದು ಅವನು ಎದ್ದೇ ನಿಂತ. ಸಾಲು ಎಣಿಸುವ ಆಜ್ಞೆ ನಿಜವಾಗಿ ಎಣಿಸುವುದು ಸಾಲಿನ ಕೊನೆಯ ಗುರುತುಗಳನ್ನು. ಕೊನೆಯ ಸಾಲು ಹೊಡೆದವರು ಎಂಟರ್ ಒತ್ತದೆ ಎದ್ದುಹೋದರೆ ಆ ಸಾಲು ಲೆಕ್ಕಕ್ಕೆ ಬರುವುದಿಲ್ಲ. ಸೋಮವಾರದಿಂದ ಕಾಟಾದ ಕಿಟಕಿಯಲ್ಲಿ ಕೂರುತ್ತಿರುವವಳು ಹೊಸಬಳು, ಪಕೀರಮ್ಮ. ಅವಳಿಗಿಂತ ಮೊದಲು ಇದ್ದ ಜಂಬಪ್ಪ ಸಂಡೂರಿನ ಗಣಿಯ ಕಛೇರಿಗೆ ಹೊರಟುಹೋಗಿದ್ದ. ಹೊಸಬಳು, ಸೋಮವಾರ, ಒಂದು ಸಾಲು ಕಡಿಮೆ. ಎಲ್ಲವೂ ಎಷ್ಟು ಚೆನ್ನಾಗಿ ಹೊಂದುತ್ತದೆ. ತಪ್ಪು ಹುಲುಗಪ್ಪನದಲ್ಲ ಎಂದು ಅವನಿಗೆ ಒಂದು ಕ್ಷಣ ನಿಜವಾಗಿ ಸಂತೋಷವಾಯಿತು; ಮರುಕ್ಷಣ, ತಪ್ಪು ಪಕೀರಮ್ಮನದು ಎಂಬುದು ಆ ಸಂತೋಷದ ಕಾರಣವೆಂದು ತಿಳಿದು ನಾಚಿಕೆಯಾಯಿತು. ಬೆಳಿಗ್ಗೆ ಒಬ್ಬನ ಮೇಲೆ ಹೊರಿಸಿದ ಅಪರಾಧವನ್ನು ಹೊರಲು ಮಧ್ಯಾಹ್ನದೊಳಗೆ ಇನ್ನೊಂದು ಬೆನ್ನು ಬೇಕು. ಈ ಕೆಲಸವನ್ನು ತಾನು ಯಾವ ಹಮಾಲನಿಗಿಂತಲೂ ಚುರುಕಾಗಿ ಮಾಡುತ್ತೇನೆ ಎಂದುಕೊಂಡ. ಆದರೂ ಪರೀಕ್ಷಿಸಿದ. ಕಡತದ ಕೊನೆಯಲ್ಲಿ ಗುರುತು ಇತ್ತು. ಹುಡುಗಿ ಪ್ರತಿಸಲವೂ ಅಚ್ಚುಕಟ್ಟಾಗಿ ಎಂಟರ್ ಒತ್ತಿದ್ದಳು. ತೊಂಬತ್ತೊಂಬತ್ತು.

ತಂತಿಯೇ ಇರಬಹುದು. ಕೆಳಗಿನ ಪರದೆಯಿಂದ ಮೇಲಿನ ಪೆಟ್ಟಿಗೆಗೆ ಬರುವ ತಂತಿ ತೌಡಿನ ಕೊಳವೆಯ ಪಕ್ಕದಲ್ಲಿ, ಇಲಿಗಳ ರಾಜಮಾರ್ಗದಲ್ಲಿ ಹಾದುಬರುತ್ತಿತ್ತು. ಓಬಳೇಶ ಮೆಟ್ಟಿಲಿಳಿದು ತಂತಿಯನ್ನು ಹಿಡಿದುಕೊಂಡು ನಡೆದ. ಕುದಿಸಿದ ಭತ್ತದ ವಾಸನೆ, ಹೊಟ್ಟಿನ ಗುಡ್ಡೆಯ ಮೇಲೆ ಗುಬ್ಬಿಗಳ ಸಂತೆ. ಮೂಗಿನ ಮೇಲೆ ತೌಡು ಮೆತ್ತಿಕೊಂಡು, ಗೋಡೆಗೆ ಕೆನ್ನೆ ಹಚ್ಚಿ ಅವನು ಇಣುಕಿ ನೋಡುವುದನ್ನು ಬೇವಿನ ಮರದ ಕೆಳಗಿನವರು ನೋಡುತ್ತಿದ್ದರು.

“ಏನ್ ಹುಡುಕಾಕ ಹತ್ತ್ಯಾರ?” ಎಂದ ಒಬ್ಬ.

“ಚೀಲ,” ಎಂದಳು ಹುಸೇನಮ್ಮ. “ತಂತ್ಯಾಗ ಸಿಕ್ಕೊಂಡೈತಂತ.”

ಹುಲುಗಪ್ಪ ಮಾತ್ರ ಈ ಕಡೆ ನೋಡಲಿಲ್ಲ. ಮಡಿಸಿದ ಗೋಣಿಯ ತುಂಡಿನ ಮೇಲೆ ಕುಳಿತು, ಎಲೆಗೆ ಸುಣ್ಣ ಹಚ್ಚುವುದರಲ್ಲಿ ತೊಡಗಿದ್ದ. ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಮತ್ತೆ ಮತ್ತೆ ಹಚ್ಚುತ್ತಿದ್ದ. ಅದು ಓಬಳೇಶನ ಕಣ್ಣಿಗೆ ಬಿತ್ತು, ಬಿದ್ದು ಹೊರಗೆ ಹೋಗಲಿಲ್ಲ. ಅವನ ತಾಯಿ ಭೀಮವ್ವನೂ ಹೀಗೆಯೇ. ಸುಗ್ಗಿಯಲ್ಲಿ ಚೋರನೂರಿನ ಒಣನೆಲ ಬಿಟ್ಟು ಕಾಲುವೆಯ ಕೆಳಗಿನ ಕಣಗಳಿಗೆ ಕೂಲಿಗೆ ಬರುತ್ತಿದ್ದಾಗ, ಒಮ್ಮೆ ಯಾರದೋ ಅಳತೆಯ ಕೊಳಗ ಕಾಣೆಯಾಗಿ ಆಳುಗಳ ಗಂಟುಗಳನ್ನೆಲ್ಲ ಬಿಚ್ಚಿಸಿದ್ದರು. ಕೊಳಗ ಒಡೆಯನ ಎತ್ತಿನ ಬಂಡಿಯಲ್ಲೇ ಇತ್ತು. ಸಿಕ್ಕಿತು ಎಂದು ಅವರು ಹೇಳಿದರು, ನಿಮ್ಮ ಮೇಲೆ ಸಂಶಯಪಟ್ಟೆವು ಎಂದು ಹೇಳಲಿಲ್ಲ. ಅವ್ವ ಬಿಚ್ಚಿದ ಗಂಟನ್ನು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು, ಬಟ್ಟೆಯಲ್ಲೇ ಏನೋ ಲೋಪವಿರುವಂತೆ. ಅಂದು ಅವಳ ಸೆರಗು ಹಿಡಿದು ನಿಂತಿದ್ದವನು ಇಂದು ಮೂಗಿನ ಮೇಲೆ ತೌಡು ಹಚ್ಚಿಕೊಂಡು ಇಲ್ಲಿ ನಿಂತಿದ್ದಾನೆ, ಬಂಡಿಯ ಕಡೆಯವನಾಗಿ. ತಂತಿಗೆ ಏನೂ ಆಗಿರಲಿಲ್ಲ. ಇಲಿಗಳೂ ಪ್ರಾಮಾಣಿಕವಾಗಿದ್ದವು.

ಅವನು ಮೇಲೆ ಹೋಗಲಿಲ್ಲ. ಕಾಟಾದ ಕಿಟಕಿಗೇ ಹೋದ. ಪಕೀರಮ್ಮ ಕೀಲಿಮಣೆಯ ಮೇಲೆ ಪ್ಲಾಸ್ಟಿಕ್ ಹೊದಿಸಿ, ಊಟದ ಡಬ್ಬಿ ಬಿಚ್ಚಿದ್ದವಳು ಗಡಬಡಿಸಿ ಎದ್ದಳು. ಕಂಪ್ಲಿಯಲ್ಲೇ ಟೈಪಿಂಗ್ ಪರೀಕ್ಷೆ ಮುಗಿಸಿದ, ಮಾತಿಗಿಂತ ಬೆರಳು ಬೇಗ ಓಡುವ ಹುಡುಗಿ.

“ಕುಂದ್ರು, ಉಣ್ಣು ನೀನು,” ಎಂದು ಅವನು ನಿಂತುಕೊಂಡೇ ಅವಳ ಪರದೆಯಲ್ಲಿ ಬೆಳಗಿನ ಕಡತ ತೆರೆಯಲು ಹೋದ. ಅಭ್ಯಾಸದಿಂದ ಮೊದಲು ಬೆರಳುಗಳು ಸತ್ಯ ಎಂದೇ ಹೊಡೆದವು. ಪರದೆ, ‘ಸತ್ಯ: ಇಲ್ಲಿ ಸಿಗುವುದಿಲ್ಲ’ ಎಂಬರ್ಥದ ಉತ್ತರ ಕೊಟ್ಟಿತು, ಆ ಆಜ್ಞೆಯನ್ನು ಅವನು ತನ್ನೊಬ್ಬನ ಬಳಕೆಗಷ್ಟೇ ಇಟ್ಟುಕೊಂಡಿದ್ದ, ಕಿಟಕಿಯವರಿಗೆ ಕೊಟ್ಟಿರಲಿಲ್ಲ. ಹಾಗಾಗಿ ಬಹಳ ತಿಂಗಳ ಮೇಲೆ, ಬೇರೆ ದಾರಿಯಿಲ್ಲದೆ, ಹೆಡ್ ಎಂಬ ಬಡ ಆಜ್ಞೆಯನ್ನು ಕೊಟ್ಟ: ಇದ್ದದ್ದನ್ನು ಇದ್ದಂತೆ, ಮೊದಲಿನಿಂದ ತೋರಿಸು. ಲಾರಿಯ ನಂಬರು ಬಂತು. ಡ್ರೈವರನ ಹೆಸರು ಬಂತು. ಅದರ ಕೆಳಗೆ, ಒಂದು ಇರಬೇಕಾದ ಜಾಗದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ದಾಗಿ ಹೊಡೆದಿತ್ತು: ಲಾಭ. ಅದರ ಪಕ್ಕದಲ್ಲಿ ಚೀಲದ ತೂಕ. ಅದರ ಕೆಳಗೆ ಎರಡು, ಮೂರು, ನಾಲ್ಕು.

ಅವನು ಆ ಪದದ ಮೇಲೆ ಬೆರಳಿಟ್ಟ. ಅಂಕಿಯಿಂದ ಆರಂಭವಾಗದ ಸಾಲು. ಹೊರಗೆ ನಿಲ್ಲಿಸು ಎಂದು ತಾನೇ ಬಾಗಿಲಲ್ಲಿ ಕಾವಲಿಟ್ಟು ನಿಲ್ಲಿಸಿದ ಸಾಲು. ಪ್ರತಿ ಲಾರಿಯ ಮೊದಲ ಚೀಲವೂ ಬಂದು ಬಾಗಿಲಲ್ಲಿ ನಿಂತು, ಹೆಸರು ಹೇಳಿ, ನೀನು ಅಂಕಿಯಲ್ಲ ಎನ್ನಿಸಿಕೊಂಡು ಮರಳಿಹೋಗಿತ್ತು. ಎರಡರಿಂದ ನೂರರ ತನಕ ಯಾವ ಸಂಖ್ಯೆಯೂ ತಪ್ಪಿರಲಿಲ್ಲ, ಯಂತ್ರದ ಮೌನ ಸುಳ್ಳಾಗಿರಲಿಲ್ಲ. ಎರಡಕ್ಕಿಂತ ಹಿಂದೆ ಏನಿತ್ತೆಂದು ಅದನ್ನು ಯಾರೂ ಕೇಳಿರಲಿಲ್ಲ.

“ಪಕೀರಮ್ಮ, ಇದು ಏನು ಹೊಡೆದಿದ್ದೀ?”

“ಲಾಭ ರೀ ಸರ್.”

“ಅದು ಕಾಣ್ತೈತಿ. ಒಂದು ಅಂತ ಹೊಡಿಬೇಕಿತ್ತಲ್ಲ?”

ಅವಳು ಡಬ್ಬಿಯ ಮುಚ್ಚಳವನ್ನು ಎದೆಗೆ ಹಿಡಿದುಕೊಂಡಳು. “ಒಂದು ಅಂತ ಯಾರ್ ಕೂಗ್ಯಾರ್ರಿ ಸರ್? ಹುಲುಗಪ್ಪ ಮಾವ ಲಾಭ ಅಂತಾನ್ರಿ. ಸೋಮವಾರ ನೀವ ಹೇಳಿದ್ರಲ್ರಿ, ಏನ್ ಕೂಗ್ತಾರ ಅದನ್ನ ಹೊಡಿ, ಹೆಚ್ಚು ಕಡಿಮಿ ಮಾಡಬ್ಯಾಡ, ನಿನ್ನ ತಲಿ ಓಡಸಬ್ಯಾಡ, ಲೆಕ್ಕದಾಗ ತಲಿ ಓಡಿಸೂದ ಮೋಸದ ಮೊದಲನೇ ಮೆಟ್ಟಲ ಅಂತ.”

ಹೇಳಿದ್ದ. ಹೌದು, ಅದೇ ಮಾತುಗಳಲ್ಲಿ, ಬೆರಳೆತ್ತಿ ಹೇಳಿದ್ದ. ಅವಳು ಹೆಚ್ಚು ಕಡಿಮೆ ಮಾಡದೆ ಅವನಿಗೆ ಅದನ್ನು ಒಪ್ಪಿಸಿದ್ದಳು. ಹಾಗೆ ಹೇಳಿಸಿಕೊಳ್ಳದ ಜಂಬಪ್ಪ, ನಿಯಮಗಳಿಗೆ ಸೊಪ್ಪು ಹಾಕದ ಜಂಬಪ್ಪ, ಲಾಭ ಎಂದು ಕೂಗಿದ್ದನ್ನು ಕೇಳಿ ತನ್ನಷ್ಟಕ್ಕೆ ತಾನು ಒಂದು ಎಂದು ಹೊಡೆದು ವರ್ಷವಿಡೀ ಲೆಕ್ಕ ಸರಿಯಾಗಿಟ್ಟಿದ್ದ.

ಆಗ ಒಳಗಿನ ಬೀಗ ತೆರೆದುಕೊಂಡಿತು, ಸದ್ದೇ ಇಲ್ಲದೆ. ಹುಣಸೆ ಬೀಜಗಳ ಗುಡ್ಡೆ. ಎಣಿಸು ಎಂದರು. ಕಣದಲ್ಲಿ ಅವ್ವನ ಮಗ್ಗುಲಲ್ಲಿ ಕುಳಿತು ಎಣಿಕೆ ಕಲಿತವನು ಮೊದಲ ಬೀಜವನ್ನು ಸರಿಸಿ ಲಾಭ ಎಂದಿದ್ದ. ಕಣದಲ್ಲಿ ಒಂದು ಎನ್ನುವ ಪದವೇ ಇರಲಿಲ್ಲ. ರಾಶಿಯ ಮೊದಲ ಕೊಳಗ ಅಳೆಯುವವನು ರಾಶಿಗೆ ಕೈಮುಗಿದು, ಒಂದು ಎನ್ನದೆ, ಲಾಭ ಎಂದು ನೀಳವಾಗಿ ಎಳೆಯುತ್ತಿದ್ದ. ಒಂದು ಎಂದರೆ ಅಷ್ಟಕ್ಕೇ ರಾಶಿ ಮುಗಿದೀತೆಂಬ ಅಂಜಿಕೆಯೋ, ಬೆಳೆದದ್ದರ ಮೇಲಿನ ಗೌರವವೋ. ಆಮೇಲಷ್ಟೇ ಎರಡು, ಮೂರು. ತರಗತಿ ನಕ್ಕಿತು. ಬೆಂಚಿನ ಮೇಲೆ ನಿಂತು ಅವನು ಒಂದು, ಒಂದು, ಒಂದು ಎಂದು ಉರು ಹೊಡೆದ, ಮತ್ತು ಆ ಸಂಜೆಯಿಂದ ಅವ್ವನ ಎದುರಿಗೂ ಇನ್ನೊಂದು ಪದವನ್ನು ಆಡಲಿಲ್ಲ. ಗಿರಣಿಯಲ್ಲಿ ಲಾರಿ ತುಂಬಲು ಶುರುವಾದ ಕೂಡಲೆ, ಧೂಳು ಬರುತ್ತದೆಂದು, ಅವನು ಮಹಡಿಯ ಕಿಟಕಿ ಮುಚ್ಚುತ್ತಿದ್ದ. ಧೂಳು ದಿನವಿಡೀ ಬರುತ್ತಿತ್ತು. ಮೊದಲ ಚೀಲದ ಕೂಗಿಗೆ ಮಾತ್ರ ಅವನ ಕೈ ತಾನಾಗಿ ಕಿಟಕಿಗೆ ಹೋಗುತ್ತಿತ್ತು.

ಅವನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಪಕೀರಮ್ಮ ಹೆದರಿ, “ಸರ್, ತಪ್ಪಾತೇನ್ರಿ?” ಎಂದಳು.

“ತಪ್ಪಾಗೈತಿ. ನಿಂದಲ್ಲ, ನಂದು. ಉಣ್ಣು.”

ನಗು ಮುಗಿದ ಮೇಲೆ ಉಳಿದದ್ದು ನಡೆಯಬೇಕಾದ ದಾರಿ. ಗವಿಸಿದ್ದಪ್ಪನವರ ಕೋಣೆಗೆ ಹೋಗಿ ಹೇಳುವುದು ಸುಲಭವಾಗಿತ್ತು. ಅಲ್ಲಿ ಫ್ಯಾನು ತಿರುಗುತ್ತಿತ್ತು, ಕದ ಮುಚ್ಚಬಹುದಿತ್ತು. ಯಂತ್ರದಲ್ಲಿ ಸಣ್ಣ ತೊಡಕು, ಸರಿಪಡಿಸಿದೆ ಎನ್ನಬಹುದಿತ್ತು. ಸಿಕ್ಕಿತು ಎಂದು ಕೊಳಗದ ಒಡೆಯರು ಹೇಳಿದ ಹಾಗೆ. ಬಯಲಲ್ಲಿ ಹೊರಿಸಿದ್ದನ್ನು ಕೋಣೆಯಲ್ಲಿ ಇಳಿಸುವುದು ಇನ್ನೊಂದು ಅನ್ಯಾಯ, ಮೊದಲಿನದಕ್ಕಿಂತ ಹೇಡಿಯಾದದ್ದು. ಅವನು ಬೇವಿನ ಮರದ ಕಡೆಗೆ ನಡೆದ. ಮಧ್ಯಾಹ್ನದ ಲಾರಿ ಆಗಲೇ ಬಂದು ಹಿಂಬದಿಯ ಬಾಗಿಲು ಇಳಿಸಿ ನಿಂತಿತ್ತು; ಲಾರಿಯ ಸದ್ದಿಗೆ ಗವಿಸಿದ್ದಪ್ಪನವರೂ ಧೋತರದ ಚುಂಗು ಹಿಡಿದು ಹೊರಗೆ ಬಂದಿದ್ದರು.

“ಹುಲುಗಪ್ಪ,” ಎಂದ ಓಬಳೇಶ. ಈ ಸಲ ವಾಕ್ಯ ಜೋಡಿಸಿಕೊಂಡು ಬಂದಿರಲಿಲ್ಲ. “ಬೆಳಿಗ್ಗೆ ನಾನು ಅಂದದ್ದು ಸುಳ್ಳು. ನೂರು ಅಂದ್ರ ನೂರೇ ಇತ್ತು, ಪ್ರತಿ ಲಾರಿಯಲ್ಲೂ. ನೀವು ಲಾಭ ಅಂತ ಕೂಗಿದ್ದನ್ನ ನಾನು ಬರೆದ ಸತ್ಯ ಅನ್ನೂ ಆಜ್ಞೆ ಲೆಕ್ಕಕ್ಕ ತಗೊಳ್ಳಲಿಲ್ಲ. ಮೊದಲನೇ ಚೀಲ ನಾನೇ ಹೊರಗ ಹಾಕ್ತಿದ್ದೆ. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದೇ ಹೇಳ್ತೀನಿ. ಮಾಫ್ ಮಾಡ್ರಿ.”

ಮೋಟಾರು ಈ ಸಲವೂ ನಿಂತೇ ಇತ್ತು. ಆಮೇಲೆ ಹುಸೇನಮ್ಮ ಕಸಬರಿಗೆ ನೆಲಕ್ಕೆ ಊರಿ, “ಅಯ್ಯ, ಸಾವ್ಕಾರ್ರ ಲಾಭಾನ ಹೊರಗ ಹಾಕ್ತಿದ್ರೇನು ಇಷ್ಟು ದಿನ?” ಎಂದಳು. ಎಲ್ಲರಿಗಿಂತ ಮೊದಲು ನಕ್ಕವರು ಗವಿಸಿದ್ದಪ್ಪನವರು; ಅವರ ಹೊಟ್ಟೆ ಕುಣಿಯುವುದನ್ನು ನೋಡಿ ಡ್ರೈವರನೂ ನಕ್ಕ.

ಹುಲುಗಪ್ಪ ನಗು ಮುಗಿಯುವ ತನಕ ಕಾದ. ಸುಣ್ಣ ಹಚ್ಚಿಟ್ಟಿದ್ದ ಎಲೆಯನ್ನು ಕೊನೆಗೂ ಬಾಯಿಗಿಟ್ಟು, ದವಡೆಗೆ ಸರಿಸಿಕೊಂಡು ಎದ್ದ. “ಮಾಫಿ ಗೀಫಿ ಬ್ಯಾಡ್ರಿ ಸಾಹೇಬ್ರ. ನನ್ನ ಬಾಯಾಗ ಎಲಿ ಐತಿ. ಈ ಲಾರಿ ನೀವು ಕೂಗ್ರಿ.”

“ನಾನಾ?”

“ಭೀಮವ್ವನ ಮಗ ಅಲ್ಲೇನ್ರಿ ನೀವು? ರಾಮಸಾಗರದ ಕಣದಾಗ ಆಕಿ ಸೆರಗು ಹಿಡ್ಕೊಂಡು ಎಣಸ್ತಿದ್ದಿರಿ. ನಾ ಆವಾಗ ಸುಗ್ಗ್ಯಾಗ ಅಲ್ಲಿ ಅಳತಿಗೆ ಬರ್ತಿದ್ದೆ. ಮರತೀರಿ, ಹೋಗ್ಲಿ ಬಿಡ್ರಿ. ಕೂಗ್ರಿ, ಜಲ್ದಿ. ಲಾರಿ ನಿಂತೈತಿ.”

ಓಬಳೇಶ ಕಾಟಾದ ಪಕ್ಕದ ಕಲ್ಲಿನ ಮೇಲೆ ಹತ್ತಿ ನಿಂತ. ಬೆಂಚಿನಷ್ಟೇ ಎತ್ತರದ ಕಲ್ಲು. ಜೇಡರ ಬಲೆ ಇರಲಿಲ್ಲ, ತಲೆಯ ಮೇಲೆ ಬೇವಿನ ಟೊಂಗೆ ಇತ್ತು, ಅದರಾಚೆ ಕಬ್ಬಿನ ಗದ್ದೆಗಳ ಮೇಲಿನಿಂದ ಬರುತ್ತಿದ್ದ ತಂಪು ಗಾಳಿ. ಮೊದಲ ಹಮಾಲ ಚೀಲವನ್ನು ಕಾಟಾದ ಮೇಲಿಟ್ಟ. ಮುಳ್ಳು ಅಲ್ಲಾಡಿ ನಿಂತಿತು. ಓಬಳೇಶ ಬಾಯಿ ತೆರೆದ. ಸಣ್ಣದೊಂದು ಶಬ್ದವಷ್ಟೇ ಹೊರಟಿತು.

“ಕೇಳಲಿಲ್ರಿ,” ಎಂದ ಹಮಾಲ, ಚೀಲವನ್ನು ಬೆನ್ನಿಗೇರಿಸಿಕೊಳ್ಳುತ್ತ. “ಸಾಲ್ಯಾಗ ಹಿಂಗ ಕೂಗಿದ್ರ ಪಾಸಾಗತಿದ್ದಿಲ್ಲ ನೀವು.”

ಓಬಳೇಶ ಉಸಿರು ಎಳೆದುಕೊಂಡ. ಕಣದ ಬೆಳಗಿನ ಮಂಜು, ರಾಶಿಯ ಮೇಲಿನ ಬೇವಿನೆಲೆ, ಅಳೆಯುವವನ ಹಿಂದೆ ಮೆಲುದನಿಯಲ್ಲಿ ಅವ್ವ ಎಳೆಯುತ್ತಿದ್ದ ರಾಗ. ಆ ರಾಗ ತನ್ನಷ್ಟಕ್ಕೆ ಬಾಯಿಗೆ ಬಂತು.

“ಲಾಭಾ,” ಎಂದು ಅವನು ಕೂಗಿದ. ಅದು ಹೊಟ್ಟಿನ ಗುಡ್ಡೆಯನ್ನು ದಾಟಿತು, ಗುಬ್ಬಿಗಳನ್ನು ಎಬ್ಬಿಸಿತು, ಗಿರಣಿಯ ಹೆಂಚುಗಳಿಗೆ ತಾಗಿ ಮರಳಿ ಬಂತು. ಮೇಲೆ ಮಹಡಿಯ ಕಿಟಕಿ ತೆರೆದೇ ಇತ್ತು. ಹುಲುಗಪ್ಪ ಎಲೆ ಜಗಿಯುತ್ತ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದ.

ಕಾಟಾದ ಕಿಟಕಿಯಿಂದ ಪಕೀರಮ್ಮ ತಲೆ ಹೊರಗೆ ಹಾಕಿದಳು. “ಸರ್, ಈಗ ಲಾಭ ಅಂತ ಹೊಡೀಲೇನ್ರಿ, ಒಂದು ಅಂತ ಹೊಡೀಲೇನ್ರಿ?”

ಅಂಗಳವೆಲ್ಲ ಅವನ ಮುಖವನ್ನೇ ನೋಡಿತು.

“ಜಲ್ದಿ ಹೇಳ್ರಿ,” ಎಂದ ಹಮಾಲ, “ನಿಮ್ಮ ಸತ್ಯ ನನ್ನ ಬೆನ್ನ ಮ್ಯಾಲೈತಿ.”

ಮೇಲಿನ ಪೆಟ್ಟಿಗೆಯಲ್ಲಿ ಆ ಬಾಗಿಲನ್ನು ಇನ್ನೂ ತಿದ್ದಬೇಕಿತ್ತು. ಅಂಕಿಗಳ ಜೊತೆಗೆ ಈ ಒಂದು ಪದವನ್ನೂ ಒಳಗೆ ಬಿಡು ಎಂದು ಬರೆಯಲು ಒಂದು ಸಾಲು ಸಾಕು, ಸಂಜೆಯ ಬಸ್ಸಿನೊಳಗೆ ಮುಗಿಯುವ ಕೆಲಸ.

“ಏನು ಕೂಗಿದೆನೋ ಅದನ್ನೇ ಹೊಡಿ,” ಎಂದ ಓಬಳೇಶ, ಮತ್ತು ಮುಂದಿನ ಚೀಲದ ಕಡೆಗೆ ತಿರುಗಿ, “ಎರಡು.”